ಗಾಳಿಯ ಬಾಯಿ ಮುಚ್ಚಿದ ಹುಲ್ಲಕ್ಕ

ಸೂರ್ಯ ಇನ್ನೂ ಹುಟ್ಟಿಲ್ಲ. ಕಡಲ ದಂಡೆಯ ಮರಳುದಿಬ್ಬದ ಮೇಲೆ ಹೆಂಗಸೊಬ್ಬರು ಮಂಡಿಯೂರಿ ಕೂತು, ನೆಲದಲ್ಲಿ ನೆಟ್ಟ ಗೂಟವೊಂದನ್ನು ಬೆರಳಿನಿಂದ ಅಳೆಯುತ್ತಿದ್ದಾರೆ. ಹೋದ ವಾರ ಈ ಗೂಟ ಎಂಟು ಬೆರಳು ಹೊರಗಿತ್ತಂತೆ, ಇವತ್ತು ಐದೇ ಬೆರಳು. ಮೂರು ಬೆರಳು ಮರಳು ಏರಿದ್ದಕ್ಕೆ ಅವರ ಮುಖ ಊರಗಲ ಆಗಿದೆ. ಮಾತನಾಡಿಸೋಣವೆಂದು ನಾನು ಎರಡು ಹೆಜ್ಜೆ ಮುಂದಿಡುತ್ತೇನೆ.

"ಅಲ್ಲೇ ನಿಂತ್ಕೊಳ್ಳಿ! ಕಾಲ ಕೆಳಗೆ ಹುಲ್ಲಿದೆ, ಕಾಣಿಸಲ್ವಾ?"

ನನ್ನ ಬೂಟಿನಡಿ ಸಿಕ್ಕಿದ್ದು ಮೂರೆಲೆಯ ಬಡಕಲು ಹುಲ್ಲು. ಕ್ಷಮೆ ಕೇಳಿ, ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ಅವರು ತೋರಿಸಿದ ಹಲಗೆಯ ಮೇಲೆ ಕೂರುತ್ತೇನೆ. ಸಂದರ್ಶನಕ್ಕೆ ಬಂದವನು ಶಾಲೆಯ ಹುಡುಗನಂತೆ ಬೈಸಿಕೊಂಡಿದ್ದು ಇದೇ ಮೊದಲು.

ದಿಬ್ಬದ ಹಿಂದಿನ ಬೀದಿಗೆ ಇವರು ಹುಲ್ಲಕ್ಕ. ಕಚೇರಿಯ ಪಟ್ಟಿಯಲ್ಲಿ ಬರೀ 'ಉದ್ಯಾನ ಕೆಲಸಗಾರ್ತಿ'. ಹದಿನೆಂಟು ವರ್ಷದಿಂದ ಈ ದಿಬ್ಬವೇ ಇವರ ಉದ್ಯಾನ. ದಿನಕ್ಕೆ ನಲವತ್ತಾರು ಗೂಟ ನೋಡುತ್ತಾರೆ. ನಾಟಿಯ ತಿಂಗಳಲ್ಲಿ ದಿನಕ್ಕೆ ಇನ್ನೂರು ಹುಲ್ಲಿನ ಬುಡ ನೆಡುತ್ತಾರೆ, ಒಂದೊಂದನ್ನೂ ಮೊಣಕೈವರೆಗೆ ತೋಳು ಇಳಿಸಿ. ಬಲಗೈ ಉಗುರುಗಳು ಸವೆದು ಅರ್ಧವಾಗಿವೆ. ಇನ್ನು ಐದು ತಿಂಗಳಿಗೆ ನಿವೃತ್ತಿ.

ಬೀದಿಯ ತುದಿಯಲ್ಲಿ, ದಿಬ್ಬಕ್ಕೆ ಅಂಟಿಕೊಂಡಂತೆ, ಒಂದು ಸಿಹಿನೀರಿನ ಬಾವಿ ಇದೆ. ಅರವತ್ತು ಮನೆಗೆ ಅದೇ ಕುಡಿಯುವ ನೀರು. ಅದಕ್ಕೂ ಕಡಲಿಗೂ ನಡುವೆ ಇರುವುದು ಈ ಮರಳೊಂದೇ. ದಿಬ್ಬ ಬಾಯಿಬಿಟ್ಟರೆ ಬಾವಿ ಉಪ್ಪು.

ದಿಬ್ಬ ಹುಟ್ಟುವುದು ಹೇಗೆ ಎಂದು ಕೇಳುತ್ತೇನೆ. ಅವರು ಒಂದು ಹಿಡಿ ಮರಳು ತೆಗೆದು ಗಾಳಿಗೆ ಬಿಡುತ್ತಾರೆ. "ಇದು ಹಾರಲ್ಲ, ಕುಪ್ಪಳಿಸುತ್ತೆ. ಒಂದು ಕಾಳು ಬಿದ್ದು ಇನ್ನೊಂದನ್ನ ಎಬ್ಬಿಸುತ್ತೆ. ದಾರೀಲಿ ಏನಾದ್ರೂ ಅಡ್ಡ ಸಿಕ್ಕರೆ ಗಾಳಿಗೆ ಉಸಿರು ಕಟ್ಟಿ, ಹೊತ್ತಿದ್ದನ್ನ ಅಲ್ಲೇ ಇಳಿಸಿ ಹೋಗುತ್ತೆ. ದಡಕ್ಕೆ ಬಂದು ಬಿದ್ದ ಪಾಚಿ ಇರುತ್ತಲ್ಲ, ಅದೇ ಸಾಕು. ಅದರ ಹಿಂದೆ ಒಂದು ಹಿಡಿ ಮರಳು ಕೂರುತ್ತೆ. ಅದರೊಳಗೆ ಒಂದು ಬೀಜ. ಈ ಹುಲ್ಲಂತೂ ಹೂತಷ್ಟೂ ಮೇಲೆ ಬರುತ್ತೆ. ಇದನ್ನ ಹೂಳೋದಂದ್ರೆ ಇದಕ್ಕೆ ಊಟ ಹಾಕಿದ ಹಾಗೆ."

ಇಷ್ಟು ತಿಳಿದವರು ಮೊದಲ ವರ್ಷ ಮಾಡಿದ್ದೇನು ಗೊತ್ತೇ? ಕಸ ಗುಡಿಸಿದ್ದು.

ಇದನ್ನು ಅವರೇ ಹೇಳುತ್ತಾರೆ, ನಾನು ಕೆದಕಿದ್ದಲ್ಲ. ಊರ ನಡುವಿನ ಪಾರ್ಕಿನಲ್ಲಿ ಹನ್ನೊಂದು ವರ್ಷ ದುಡಿದು ಇಲ್ಲಿಗೆ ವರ್ಗವಾಗಿ ಬಂದ ಕೈ ಅದು. ಪಾರ್ಕಿನ ಕೈ ಸುಮ್ಮನಿರುತ್ತದೆಯೇ? ದಡದ ಪಾಚಿಯನ್ನೆಲ್ಲ ಬಾಚಿ ತೆಗೆದರು. ಕಡಲು ನೋಡಲು ಬರುವವರಿಗೆ ಅನುಕೂಲವಾಗಲೆಂದು ದಿಬ್ಬದ ನಡುವೆ ಹುಲ್ಲು ಕಿತ್ತು, ನೇರವಾಗಿ, ಮಾರಗಲದ ದಾರಿ ಮಾಡಿದರು. ದಿನಾ ಬೆಳಿಗ್ಗೆ ಅದನ್ನು ಕನ್ನಡಿಯಂತೆ ಗುಡಿಸಿದರು. ಕಚೇರಿಯ ಸಾಹೇಬರು ಬಂದು ನೋಡಿ, ಎಲ್ಲರೆದುರು ಬೆನ್ನು ತಟ್ಟಿದರು.

"ಆ ದಾರಿ ಗಾಳಿ ಬರೋ ದಿಕ್ಕಿಗೇ ಇತ್ತು. ಜನಕ್ಕೆ ಅಂತ ಮಾಡಿದ್ದು, ಗಾಳಿ ನಡೀತು" ಎನ್ನುತ್ತಾರೆ ಹುಲ್ಲಕ್ಕ. ಮಾರಗಲದ ದಾರಿ ಮರುವರ್ಷ ಗಾಡಿಯಗಲವಾಯಿತು, ಆಮೇಲೆ ಮನೆಯಗಲ. ನಾಲ್ಕನೇ ವರ್ಷದ ಬಿರುಗಾಳಿಗೆ ಕಡಲು ಆ ಬಾಯಿಯಿಂದ ನುಗ್ಗಿ ಬಾವಿಗೆ ಇಳಿಯಿತು. ನೀರು ಮತ್ತೆ ಸಿಹಿಯಾಗಲು ಎರಡು ಮಳೆಗಾಲ ಬೇಕಾಯಿತು. ಅಲ್ಲಿಯವರೆಗೆ ಬೀದಿಯವರು ಕುಡಿಯುವ ನೀರಿಗೆ ದಿನಾ ಕೊಡ ಹೊತ್ತು ಮುಕ್ಕಾಲು ಗಂಟೆ ನಡೆದರು.

"ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ಇಲ್ಲಿ ತಪ್ಪು ನಂದು, ಉಪ್ಪು ನೀರು ಕುಡಿದೋರು ಅವರು. ಯಾರೂ ನನ್ನ ಒಂದು ಮಾತೂ ಅನ್ನಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ, ನನಗೆ ಗೊತ್ತಿತ್ತು."

ಬಾಯಿ ಮುಚ್ಚುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಮೊದಲು ಹಲಗೆ ಗೋಡೆ ನಿಲ್ಲಿಸಿದರು. ಗಾಳಿ ಗೋಡೆಗೆ ಬಡಿದು ಬುಡವನ್ನೇ ತೋಡಿತು, ಗೋಡೆ ಮಕಾಡೆ ಮಲಗಿತು. ಆಮೇಲೆ ಒಣಕಡ್ಡಿಯ ಬೇಲಿ ಕಟ್ಟಿದರು, ಅರ್ಧ ತಡೆಯುವಂಥದ್ದು, ಅರ್ಧ ಬಿಡುವಂಥದ್ದು. ಬೇಲಿ ಮರಳಲ್ಲಿ ಮುಳುಗಿದಾಗ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಈ ದಿಬ್ಬದ ಹೊಟ್ಟೆಯಲ್ಲಿ ಹದಿನಾಲ್ಕು ಬೇಲಿಗಳಿವೆ. ಈಗ ಜನ ಓಡಾಡುವ ದಾರಿ ಗಾಳಿಗೆ ಅಡ್ಡಲಾಗಿ, ಸೊಟ್ಟಂಬಟ್ಟೆ ಹೋಗುತ್ತದೆ, ಅದೂ ಹಲಗೆಯ ಮೇಲೆ.

ಮನೆಗೆ ಕರೆದುಕೊಂಡು ಹೋಗಿ ಟೀ ಕೊಡುತ್ತಾರೆ. ಎರಡು ಕೋಣೆಯ ಮನೆ. ಹೊಸ್ತಿಲಲ್ಲಿ ಕಾಲು ಕೊಡವಲು ಒಂದು ಗೋಣಿತಾಟು. ಯಜಮಾನರು ಲಾರಿ ಓಡಿಸುತ್ತಿದ್ದವರು, ಮರುಭೂಮಿಯ ರಸ್ತೆಯಲ್ಲಿ ಏಳು ವರ್ಷ ಸರಕು ಸಾಗಿಸಿದವರು. ಹೆಂಡತಿಯನ್ನು ಕೆಣಕದಿದ್ದರೆ ಅವರಿಗೆ ಟೀ ಇಳಿಯುವುದಿಲ್ಲ.

"ಇವಳ ದಿಬ್ಬ ಏನ್ರೀ, ಕೂಸು! ಅಲ್ಲಿ ದಿಬ್ಬಗಳು ನಡೀತವೆ. ಗಾಳಿ ಬೆನ್ನ ಮೇಲಿಂದ ಮರಳು ಹತ್ತಿಸುತ್ತೆ, ತುದೀಲಿ ನಿಲ್ಲದೆ ಮುಂದಕ್ಕೆ ಜಾರುತ್ತೆ. ಹಾಗೇ ಇಡೀ ದಿಬ್ಬ ಹೆಜ್ಜೆ ಹಾಕುತ್ತೆ. ಹೋಗುವಾಗ ಇದ್ದ ರಸ್ತೆ ಬರುವಾಗ ಇರ್ತಿರಲಿಲ್ಲ."

"ಹುಲ್ಲಿಲ್ಲ, ಹಿಡಿಯೋರಿಲ್ಲ. ಅದಕ್ಕೇ ಅಲೀತವೆ" ಎನ್ನುತ್ತಾರೆ ಹುಲ್ಲಕ್ಕ. "ನೀವೂ ಹಾಗೇ ಅಲೀತಿದ್ರಿ."

ಯಜಮಾನರು ಟೀ ಲೋಟದೊಳಗೆ ನಗುತ್ತಾರೆ.

ಎರಡು ತಿಂಗಳ ಹಿಂದೆ ಬಂದ ಬಿರುಗಾಳಿ ಹಳೆಯದಕ್ಕಿಂತ ಜೋರಾಗಿತ್ತು. ಬೆಳಗಾದಾಗ ದಿಬ್ಬದ ಮುಂಭಾಗ ಚಾಕುವಿನಿಂದ ಕೊಯ್ದಂತಿತ್ತು, ಹತ್ತು ಹೆಜ್ಜೆ ಮರಳು ಕಡಲ ಪಾಲು. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತೆಂದು ಜನ ಮರುಗಿದರು. ಹುಲ್ಲಕ್ಕ ಮಾತ್ರ ನೇರವಾಗಿ ಬಾವಿಗೆ ಹೋದರು.

ಬಾವಿಯೆದುರು ಮನೆಯ ಅಜ್ಜಿ ಆ ಬೆಳಿಗ್ಗೆಯನ್ನು ನೆನೆಯುತ್ತಾರೆ. "ಕೊಡ ಇಳಿಸಿ ಸೇದಿದಳು. ಬೊಗಸೇಲಿ ತಗೊಂಡು ಬಾಯಿಗೆ ಹಾಕ್ಕೊಂಡಳು. ಆಮೇಲೆ ಬಾವಿಕಟ್ಟೆ ಮೇಲೆ ಕೂತು ಅತ್ತಳು ಕಣಪ್ಪ. ನಾನು ಹೆದರಿ, ಉಪ್ಪಾಯ್ತೇನೇ ಅಂದೆ. ಇಲ್ಲ ಅಜ್ಜಿ, ಸಿಹಿ ಇದೆ, ಕುಡೀರಿ ಅಂದಳು."

ಕಡಲು ಕಚ್ಚಿಕೊಂಡು ಹೋದ ಮರಳಿನ ಬಗ್ಗೆ ಇವರಿಗೆ ಚಿಂತೆಯಿಲ್ಲ. "ದಿಬ್ಬ ಇರೋದೇ ಅದಕ್ಕೆ. ಅಲೆ ಬಂದಾಗ ತಾನು ಕೊಟ್ಟು ಹಿಂದಿನವರನ್ನ ಉಳಿಸುತ್ತೆ. ಆ ಮರಳು ಎಲ್ಲೂ ಹೋಗಿಲ್ಲ, ಅಲ್ಲೇ ನೀರೊಳಗೆ ಗುಡ್ಡೆ ಆಗಿದೆ. ಕಡಲು ತಣ್ಣಗಾದ ಮೇಲೆ ದಡಕ್ಕೆ ತಂದು ಹಾಕುತ್ತೆ. ನಾವು ಅಡ್ಡ ಇಡೋದನ್ನ ಬಿಡಬಾರದು, ಅಷ್ಟೇ." ಬೆಳಿಗ್ಗೆ ಅವರು ಅಳೆದ ಮೂರು ಬೆರಳು ಹಾಗೆ ವಾಪಸು ಬಂದ ಮರಳು.

ಮತ್ತೆ ದಂಡೆಗೆ ಬರುವಷ್ಟರಲ್ಲಿ ಕಚೇರಿಯ ಮೇಸ್ತ್ರಿ ಕಾಗದ ಹಿಡಿದು ಕಾಯುತ್ತಿದ್ದಾರೆ. ಹುಲ್ಲಕ್ಕನ ಜಾಗಕ್ಕೆ ಬರುವವರಿಗೆ ಕೊಡಬೇಕಾದ ಸಾಮಾನಿನ ಪಟ್ಟಿ ಅದು, ಇವರ ಸಹಿ ಬೇಕು. ಹುಲ್ಲಕ್ಕ ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾರೆ. ಬುಟ್ಟಿ. ಗುದ್ದಲಿ. ಕತ್ತಿ. ನಾಲ್ಕನೇ ಸಾಲಿನಲ್ಲಿ ಬೆರಳು ನಿಲ್ಲುತ್ತದೆ.

"ಪೊರಕೆ ಯಾಕೆ?"

"ಏನಕ್ಕಾ ಹೀಗಂತೀರಿ, ದಂಡೆ ಗಲೀಜು ಅಂತ ದೂರು ಬರ್ತಾ ಇದೆ. ಹೊಸಬರು ಗುಡಿಸಿಕೊಳ್ಳಲಿ ಬಿಡಿ."

"ನಾನೂ ಹೊಸಬಳೇ ಆಗಿದ್ದೆ, ಅಣ್ಣಾ. ಚೆನ್ನಾಗೇ ಗುಡಿಸಿದೆ. ಅದನ್ನ ತುಂಬೋಕೆ ನನ್ನ ಒಂಬತ್ತು ವರ್ಷ ಹೋಯ್ತು." ಮೇಸ್ತ್ರಿಯ ಜೇಬಿನಿಂದ ಪೆನ್ನು ತಾವೇ ತೆಗೆದು ಆ ಸಾಲು ಹೊಡೆದುಹಾಕುತ್ತಾರೆ. ಅದರ ಮೇಲೆ, ಮರಳಂಟಿದ ಕೈಯಲ್ಲಿ, ನಿಧಾನವಾಗಿ ಬರೆಯುತ್ತಾರೆ: ಗೂಟ, ನಲವತ್ತಾರು. ಆಮೇಲೆ ಸಹಿ.

ಇಷ್ಟು ವರ್ಷದ ಸೇವೆಗೆ ಏನಾದರೂ ಆಸೆ ಇದೆಯೇ ಎಂದು ಹೊರಡುವ ಮೊದಲು ಕೇಳುತ್ತೇನೆ. ಸನ್ಮಾನವೋ, ಫಲಕವೋ ಎಂಬುದು ನನ್ನ ಅಂದಾಜು. ಅವರು ಹಳೆಯ ಬಾಯಿ ಇದ್ದ ಕಡೆ ತಿರುಗುತ್ತಾರೆ. ಹುಲ್ಲು ತುಂಬಿ, ಆ ಜಾಗ ಎಲ್ಲಿತ್ತೆಂದು ನನಗೆ ಗುರುತು ಸಿಗುವುದಿಲ್ಲ.

"ಹೊಸಬರು ಬಂದ ದಿನ ನನ್ನನ್ನ ಕರೀಲಿ. ಆ ಜಾಗ ಯಾವುದು ಅಂತ ಕೇಳ್ತೀನಿ. ಅವರಿಗೆ ಸಿಗಬಾರದು."