ಪಂಜರದ ಲಗಮಣ್ಣ

ಹಿಪ್ಪರಗಿಯ ಲಗಮಣ್ಣನಿಗೆ ದಂಡೆಯ ಮೇಲೆ ಒಂದು ಗಳಿಗೆಯೂ ಸುಮ್ಮನೆ ನಿಲ್ಲಲಾಗುತ್ತಿರಲಿಲ್ಲ. ಕೃಷ್ಣಾ ಹೊಳೆಗೆ ಇಳಿದು ಪಂಪ್‌ಸೆಟ್ಟಿನ ಪೈಪಿಗೆ ಸಿಕ್ಕ ಕಸ ಬಿಡಿಸುವುದು ಅವನ ಕೆಲಸ; ಮೊಸಳೆಯ ಭಯವೂ ಊರಿಗೆಲ್ಲ ಅವನಿಗೇ ಹೆಚ್ಚು. ಯಾರೋ ಪಂಜರದೊಳಗೆ ನಿಂತು ಸಮುದ್ರಕ್ಕಿಳಿದು ದೊಡ್ಡ ಬಿಳಿ ಶಾರ್ಕ್ ನೋಡುವುದನ್ನು ಟಿವಿಯಲ್ಲಿ ಕಂಡ ಮರುದಿನವೇ ಜಮಖಂಡಿಗೆ ಹೋಗಿ, ಕಬ್ಬಿಣದ ಸರಳುಗಳ ಪಂಜರವೊಂದನ್ನು ಮಾಡಿಸಿಕೊಂಡು ಬಂದ. ಆದರೂ ಇಳಿಯುವ ಮುನ್ನ ಅದರ ಬಾಗಿಲಿನ ಅಗಳಿಯನ್ನು ಏಳು ಸಲ ಜಗ್ಗಿ ನೋಡುತ್ತಿದ್ದ, ಪಂಜರಕ್ಕೆ ಕಟ್ಟಿದ ಹಗ್ಗದ ಗಂಟು ಬಿಚ್ಚಿ ಮತ್ತೆ ಹಾಕುತ್ತಿದ್ದ, ಬೀರಪ್ಪ ದೇವರಿಗೆ ಕೈಮುಗಿಯುತ್ತಿದ್ದ, "ಅಲ್ಲಿ ಏನೋ ಅಳ್ಳಾಡಿತಲ್ರಿ ಮಾಸ್ತರ?" ಎಂದು ನನ್ನನ್ನು ಕೇಳುತ್ತಿದ್ದ. "ಕಟಗಿ ಐತಿ, ಇಳಿಯೋ ಮಾರಾಯಾ" ಎಂದರೆ, "ಮೊಸಳಿನೂ ಹಂಗ ಕಾಣ್ತೈತ್ರಿ" ಎನ್ನುತ್ತ ಮತ್ತೆ ಅಗಳಿ ಜಗ್ಗುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅವನು ಕುತ್ತಿಗೆಮಟ್ಟದ ನೀರಿನಲ್ಲಿ ಪಂಜರದೊಳಗೆ ನಿಂತಿದ್ದಾಗ, ಅಲ್ಲೇ ಅರಿವೆ ಒಗೆಯುತ್ತಿದ್ದ ಕಾಶವ್ವ ಕಾಲು ಜಾರಿ ಹೊಳೆಗೆ ಬಿದ್ದಳು. ಆಚೆ ದಂಡೆಯಿಂದ ಮೊಸಳೆ ನೀರಿಗೆ ಇಳಿದದ್ದನ್ನು ನಾವೆಲ್ಲ ಕಂಡೆವು, ಕೂಗಿದೆವು, ಯಾರೂ ಇಳಿಯಲಿಲ್ಲ. ಲಗಮಣ್ಣ ಬಾಗಿಲು ತೆರೆದು ಹೊರಬಿದ್ದ. ಈಜಿ ಹೋಗಿ ಅವಳ ತುರುಬು ಹಿಡಿದು ಎಳೆತಂದು, ಪಂಜರದೊಳಗೆ ತಳ್ಳಿ, ತಾನೂ ಹೊಕ್ಕು ಬಾಗಿಲು ಎಳೆದುಕೊಂಡ. ಮೊಸಳೆಯ ಮೂತಿ ಸರಳಿಗೆ ಬಡಿಯಿತು. ನಾವು ಹಗ್ಗ ಜಗ್ಗಿ ಇಬ್ಬರನ್ನೂ ದಂಡೆಗೆ ತಂದೆವು. "ಹೆದರಿಕಿ ಆಗಲಿಲ್ಲೇನೋ?" ಎಂದೆ. ಅವನು ಮತ್ತೊಮ್ಮೆ ಅಗಳಿ ಜಗ್ಗಿ ನೋಡಿದ. "ಭಾಳ ಆತ್ರಿ ಮಾಸ್ತರ. ಆದ್ರ ನಾ ಒಬ್ಬಾಂವ ಒಳಗ ನಿಂತು ನೋಡೂದಂದ್ರ ಅದಕ್ಕಿಂತ ಹೆಚ್ಚು ಹೆದರಿಕಿ ಆತ್ರಿ."