ಅತಿಥಿಗೆಂದು ತುಂಬಿಸಿದ ಸಂಪು

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಎರಡೇ ಸಾಲು: ‘ಶಾಲೆಯ ಸಂಪು ತುಂಬಿತ್ತು. ಬಂದವರಿಗೆ ಸಂತೋಷವಾಯಿತು.’ ಉಳಿದದ್ದನ್ನು ನಾನು ನೆನಪಿಸಿಕೊಂಡು ಬರೆಯುತ್ತಿದ್ದೇನೋ, ಆಮೇಲೆ ತಿಳಿದದ್ದನ್ನು ಹಿಂದಕ್ಕೆ ಒಯ್ದು ಆ ದಿನದೊಳಗೆ ಇಡುತ್ತಿದ್ದೇನೋ, ಖಚಿತವಾಗಿ ಹೇಳಲಾರೆ.

ನಾನಾಗ ದೊಡ್ಡಬಳ್ಳಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ದೂರದ ದೇಶವೊಂದರ ನೆರವಿನಲ್ಲಿ ಹಳ್ಳಿ ಶಾಲೆಗಳಿಗೆ ನೀರು, ಶೌಚಾಲಯ, ಕೈ ತೊಳೆಯುವ ನಲ್ಲಿಗಳನ್ನು ಮಾಡಿಸಿಕೊಡುತ್ತಿದ್ದೆವು. ಮಳೆ ಕೈಕೊಟ್ಟ ವರ್ಷವೂ ಅವು ನಡೆಯುವಂತಿರಬೇಕು ಎಂಬುದು ನೆರವು ಕೊಡುವವರ ಷರತ್ತು. ರಾಜಘಟ್ಟದಿಂದ ಆಚೆಗಿನ ಒಂದು ಊರಿನ ಶಾಲೆಯಲ್ಲಿ, ಚಾವಣಿಯ ಮೇಲೆ ಬಿದ್ದ ಮಳೆನೀರು ಪೈಪಿನಲ್ಲಿ ಇಳಿದು, ಜಲ್ಲಿ ಮರಳಿನಲ್ಲಿ ಸೋಸಿ, ನೆಲದೊಳಗಿನ ಸಂಪಿಗೆ ಸೇರುವಂತೆ ಮಾಡಿದ್ದೆವು. ಕಾಗದದ ಮೇಲಿನ ಲೆಕ್ಕದಂತೆ ಅದು ಬೇಸಿಗೆ ದಾಟಬೇಕಿತ್ತು. ಆ ವರ್ಷ ಮಳೆ ಸಾಲಲಿಲ್ಲ, ಸಂಕ್ರಾಂತಿಗೆಲ್ಲ ತಳ ಕಂಡಿತು. ಊರಿನ ಬೋರ್‌ವೆಲ್ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಅಡುಗೆಗೂ ಕುಡಿಯುವುದಕ್ಕೂ ಅಷ್ಟಕ್ಕಷ್ಟೆ. ಸಂಪು ಬತ್ತಿದೊಡನೆ ಶೌಚಾಲಯಕ್ಕೆ ಬೀಗ ಬೀಳುತ್ತಿತ್ತು. ದೊಡ್ಡ ತರಗತಿಯ ಹುಡುಗಿಯರು ಊಟದ ಹೊತ್ತಿಗೆ ಮನೆಗೆ ಹೋದರೆ ಮತ್ತೆ ಬರುತ್ತಿರಲಿಲ್ಲ.

ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕನ ಮಗಳೂ ಅವರಲ್ಲಿ ಒಬ್ಬಳು, ಆಗ ಏಳನೇ ತರಗತಿ. ಗಣಿತದ ಪಾಠ ನಡೆಯುತ್ತಿದ್ದುದು ಮಧ್ಯಾಹ್ನವೇ, ಹುಡುಗಿ ಅದರಲ್ಲಿ ಹಿಂದೆ ಬಿದ್ದಿದ್ದಳು. ಜೋರು ಮಳೆಯಲ್ಲಿ ತುಂಬಿ ಹರಿದುಹೋಗುವ ನೀರಿಗೆ ಇನ್ನೊಂದು ಸಂಪು ಆಗಿಬಿಟ್ಟರೆ ಬೀಗ ಹಾಕುವ ಕಷ್ಟ ತಪ್ಪುತ್ತದೆ ಎಂದು ಅಕ್ಕ ನಾನು ಹೋದಾಗಲೆಲ್ಲ ಹೇಳುತ್ತಿದ್ದರು. ನೆರವಿನ ಕಚೇರಿಯಿಂದ ಒಬ್ಬರು ನೋಡಲು ಬರುತ್ತಾರೆ, ಅವರಿಗೆ ಮನವರಿಕೆಯಾದರೆ ಎರಡನೆಯದು ಮಂಜೂರಾಗಬಹುದು ಎಂದು ತಿಳಿಸಿದವಳು ನಾನೇ. ಯಾವುದು ಮನವರಿಕೆಯಾಗಬೇಕು ಎಂದು ಬಿಡಿಸಿ ಹೇಳಿದ್ದೆನೇ? ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ ಎನಿಸುತ್ತದೆ.

ಫೆಬ್ರವರಿಯಲ್ಲಿ ನೆರವಿನ ಕಚೇರಿಯ ಆ ವಿದೇಶಿ ಹೆಂಗಸು ಬಂದರು. ಗೇಟಿನಲ್ಲಿ ಅವರಿಗೆ ಹೂ ಕೊಟ್ಟು ಒಳಗೆ ಕರೆದುಕೊಂಡು ಹೋದೆವು. ಹೆಡ್‌ಮಾಸ್ಟರು ಸಂಪಿನ ಮುಚ್ಚಳ ತೆಗೆಸಿದರು. ನೀರು ಮೇಲಿನವರೆಗೂ ಇತ್ತು. ಮಳೆ ಕಡಿಮೆಯಾದರೂ ಇಷ್ಟು ಉಳಿದಿದೆಯೇ ಎಂದು ಬಂದವರು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಹೆಡ್‌ಮಾಸ್ಟರು ತಲೆ ಆಡಿಸಿದರು. ಆ ತಲೆಯಾಟವನ್ನು ನಾನು ಇಂಗ್ಲಿಷಿನಲ್ಲಿ ‘ಹೌದು’ ಮಾಡಿದೆ. ಗೇಟಿನ ಹತ್ತಿರ ಟ್ರ್ಯಾಕ್ಟರ್ ಚಕ್ರದ ಒದ್ದೆ ಗುರುತು ಇತ್ತೆಂದು ಈಗ ನನಗೆ ಕಾಣಿಸುತ್ತದೆ. ಆಗ ಕಂಡಿತ್ತೇ ಎಂಬುದು ಬೇರೆ ಮಾತು.

ಏಪ್ರಿಲ್ ಹೊತ್ತಿಗೆ ಪತ್ರ ಬಂತು. ಒಣ ವರ್ಷದಲ್ಲೂ ಈ ಶಾಲೆಯ ವ್ಯವಸ್ಥೆ ತಡೆದುಕೊಂಡಿರುವುದು ಸಂತೋಷ. ಆದ್ದರಿಂದ ಎರಡನೆಯ ಸಂಪನ್ನು ಹೆಚ್ಚು ಅಗತ್ಯವಿರುವ ಬೇರೊಂದು ಶಾಲೆಗೆ ಕೊಡಲಾಗಿದೆ.

ಅದನ್ನು ಹೇಳಲು ನಾನು ಶಾಲೆಗೆ ಹೋದೆ. ಅಕ್ಕ ಸಾರಿನ ಪಾತ್ರೆ ಉಜ್ಜುತ್ತಿದ್ದರು. ಕೇಳಿ ಪಾತ್ರೆಯನ್ನು ಬೋರಲು ಹಾಕಿದರು. ಆಮೇಲೆ ತಾವೇ ಹೇಳಿದರು: ಆ ಹೆಂಗಸು ಬರುವ ಹಿಂದಿನ ಸಂಜೆ ಮೈದುನನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ತೋಟದ ಬೋರ್‌ವೆಲ್ ನೀರು ತರಿಸಿ ಸಂಪು ತುಂಬಿಸಿದ್ದು ತಾವು. ಬೆಳಿಗ್ಗೆ ಸಾಲದೆಂದು ಇನ್ನೊಂದು ಟ್ಯಾಂಕರ್. ಹೆಡ್‌ಮಾಸ್ಟರಿಗೂ ಗೊತ್ತಿತ್ತು.

“ಅಷ್ಟು ದೂರದಿಂದ ಬತ್ತಾವ್ರೆ, ಎದುರಿಗೆ ಖಾಲಿ ಮಡಗಕ್ಕಾಯ್ತದಾ ಮೇಡಂ? ಖಾಲಿ ಬಿಂದಿಗೆ ಎದುರಿಗೆ ಬಂದ್ರೆ ನಾವೇ ತಿರುಕ್ಕೊಂಡು ಮನೆಗೋಯ್ತೀವಿ” ಎಂದರು. “ಅವ್ರಿಗೆ ಖಾಲೀನೇ ಬೇಕಿತ್ತು ಅಂತ ಯಾರ್ ಕಂಡವ್ರೆ?”

ನನಗೆ ಸಿಟ್ಟು ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲೂ ಯಾರಾದರೂ ಹೊರಟಾಗ ಖಾಲಿ ಕೊಡ ಹಿಡಿದು ಎದುರು ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೂ ನಾನು ಬಾಗಿಲ ಹಿಂದೆ ನಿಂತು, ಹೊರಟವರು ಹೋಗಲಿ ಎಂದು ಕಾದಿದ್ದೇನೆ. ಯೋಜನೆಯ ಕಾಗದದಲ್ಲಿ ಸಂಪಿನ ಆಳ, ಅಗಲ, ಊರಿನ ಅಂತರ್ಜಲ ಎಲ್ಲವನ್ನೂ ಬರೆದಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

ನಿಜವನ್ನು ತಿಳಿಸಿ ಪತ್ರ ಬರೆಯೋಣ ಎಂದೆ. ಹೆಡ್‌ಮಾಸ್ಟರಿಗೆ ಹೆದರಿಕೆ, ಇರುವುದಕ್ಕೂ ಕುತ್ತು ಬಂದರೆ ಎಂದು. ಅಕ್ಕ ಕೈ ತೊಳೆದುಕೊಂಡು ಬಂದು, ತಮ್ಮ ಹೆಸರಲ್ಲೇ ಬರೆಯಲು ಹೇಳಿದರು. ರಾತ್ರಿಯೆಲ್ಲ ಯೋಚಿಸುವಂಥದ್ದೇನೂ ಇರಲಿಲ್ಲ, ಅಲ್ಲೇ ಊಟದ ಜಗಲಿಯ ಮೇಲೆ ಕೂತು ಬರೆದೆ. ಒಂದು ವಾಕ್ಯ ಮಾತ್ರ ತಡೆಯಿತು. ‘ಈ ವಿಷಯ ನನಗೆ ತಿಳಿದಿರಲಿಲ್ಲ’ ಎಂದು ಬರೆದು ಹೊಡೆದುಹಾಕಿದೆ. ‘ನಾನು ವಿಚಾರಿಸಲಿಲ್ಲ’ ಎಂದು ಬರೆದೆ. ಅಷ್ಟಕ್ಕೆ ಮಾತ್ರ ನಾನು ಸಾಕ್ಷಿ ಹೇಳಬಲ್ಲೆ.

ಉತ್ತರ ಸೌಮ್ಯವಾಗಿತ್ತು. ಆ ಸಲದ ಹಂಚಿಕೆ ಮುಗಿದಿದೆ, ಮುಂದಿನ ವರ್ಷ ಮತ್ತೆ ನೋಡೋಣ, ಅಲ್ಲಿಯವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಿ ಎಂದಿತ್ತು. ಅಕ್ಕ ಸೋಮವಾರಗಳಂದು ಬಿದಿರು ಗಳ ಇಳಿಸಿ ಅಳೆಯುತ್ತಿದ್ದರು, ಮಗಳು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ಮರುವರ್ಷದ ಮಳೆ ಸ್ವಲ್ಪ ಮೇಲು. ಸಂಪಿನ ನೀರು ಜನವರಿ ಕೊನೆಯವರೆಗೆ ಬಂತು. ಆಮೇಲೆ ಮತ್ತೆ ಬೀಗ.

ಆ ಫೆಬ್ರವರಿಯಲ್ಲಿ ಅದೇ ಹೆಂಗಸು ಮತ್ತೆ ಬಂದರು. ಈ ಸಲ ಮುಚ್ಚಳ ತೆಗೆದವರು ಅಕ್ಕ. ತೆಗೆದು, ಮುಖ ಪಕ್ಕಕ್ಕೆ ತಿರುಗಿಸಿ ನಿಂತರು. ತಳದ ಒಂದು ಮೂಲೆಯಲ್ಲಿ ಮಾತ್ರ ತೆಳ್ಳಗೆ ನೀರು ನಿಂತಿತ್ತು. ಇದು ಉಳಿದ ಮಳೆನೀರೇ ಎಂದು ಬಂದವರು ಕೇಳಿದರು. ನಾನು ಅಕ್ಕನ ಕಡೆ ನೋಡಿದೆ.

“ಅಲ್ಲ ಅನ್ನಿ. ಬೋರ್‌ವೆಲ್ ನೀರು, ಒಂದು ಬಿಂದಿಗೆ, ಬೆಳಿಗ್ಗೆ ನಾನೇ ಹುಯ್ದೆ ಅನ್ನಿ. ಪೂರ್ತಿ ಖಾಲಿ ತೋರ್ಸಕ್ಕೆ ಮನಸ್ಸು ಬರ್ಲಿಲ್ಲ, ಇಲ್ದಿದ್ರೆ ಒಂದ್ ಹನೀನೂ ಇರ್ತಿರ್ಲಿಲ್ಲ ಅನ್ನಿ. ಒಂದಕ್ಷರ ಬಿಡ್ಬೇಡಿ.”

ನಾನು ಬಿಡದೆ ಹೇಳಿದೆ. ಬಂದವರು ಬರೆದುಕೊಂಡರು, ಬಿಂದಿಗೆ ಎಷ್ಟು ದೊಡ್ಡದು ಎಂದು ಕೇಳಿದರು. ಅಕ್ಕ ಅಡುಗೆಮನೆಯಿಂದ ಅದನ್ನೇ ತಂದು ತೋರಿಸಿದರು.

ಎರಡನೆಯ ಸಂಪಿನ ಗುಂಡಿ ತೋಡಿದ್ದು ಜೂನ್ ತಿಂಗಳಲ್ಲಿ, ಅಡುಗೆಮನೆಯ ಹಿಂದೆ. ಅಷ್ಟರಲ್ಲಿ ಅಕ್ಕನ ಮಗಳು ಎಂಟನೇ ತರಗತಿ ಮುಗಿಸಿ ಆ ಶಾಲೆ ಬಿಟ್ಟಾಗಿತ್ತು. ಹೈಸ್ಕೂಲಿನಲ್ಲಿ ನೀರು ಹೇಗಿದೆಯಂತೆ ಎಂದು ಕೇಳಿದೆ. ಅಲ್ಲಿ ಶೌಚಾಲಯದ ಬೀಗದ ಕೈ ಆಫೀಸಿನಲ್ಲಿ ಇರುತ್ತದಂತೆ, ಕೇಳಿದರೆ ಕೊಡುತ್ತಾರಂತೆ ಎಂದರು ಅಕ್ಕ. ಹುಡುಗಿ ಕೇಳುತ್ತಾಳಾ ಎಂದೆ.

“ಕೇಳ್ತಾಳೆ ಮೇಡಂ. ಕೇಳ್ಲೇಬೇಕು ಅಂತ ಹೇಳಿ ಕಳ್ಸಿವ್ನಿ” ಎಂದು ಗುಂಡಿಯ ಅಂಚಿನ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದರು.