ತಲೆ ಎತ್ತದೆ ಹೊಡೆದ ಚೆಂಡು

ಗಾಲ್ಫ್ ಕ್ಲಬ್ಬಿನಲ್ಲಿ ಬಟ್ಟೆ ಬದಲಿಸುವ ಕೋಣೆಯ ಪಕ್ಕ ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ ಹಿಡಿಸುವಷ್ಟು ಜಾಗವಿದೆ. ಅದು ಕತ್ತರಿಯ ಸಾಮ್ರಾಜ್ಯ. ಕತ್ತರಿ ಅಂದರೆ ಇಲ್ಲಿ ಮನುಷ್ಯನೇ, ಕ್ಲಬ್ಬಿನ ಕ್ಷೌರಿಕ. ಎಂಥ ದೊಡ್ಡವರೇ ಬಂದು ಕೂರಲಿ, ಆ ಕುರ್ಚಿಯಲ್ಲಿ ಅವನು ಹೇಳಿದಂತೆ ಕೇಳಲೇಬೇಕು.

"ತಲೆ ಅಲ್ಲಾಡಿಸ್ಬೇಡಿ ಸಾರ್. ಕಿವಿ ಉದುರಿದ್ರೆ ಅಂಟಿಸೋಕೆ ನನ್ನ ಹತ್ರ ಗೋಂದಿಲ್ಲ."

ಊರಿನವರ ತಲೆಯನ್ನೆಲ್ಲ ಹದ್ದುಬಸ್ತಿನಲ್ಲಿಟ್ಟ ಈ ಮಹಾನುಭಾವನಿಗೆ ಗಾಲ್ಫ್ ಕೋಲು ಹಿಡಿದರೆ ಸ್ವಂತ ತಲೆಯೇ ಮಾತು ಕೇಳುತ್ತಿರಲಿಲ್ಲ. ಕೋಲು ಬೀಸಿ ಚೆಂಡಿಗೆ ತಾಗುವ ತನಕ ತಲೆ ಕದಲಬಾರದು, ಕಣ್ಣು ಚೆಂಡಿನ ಮೇಲೇ ಇರಬೇಕು. ಅದು ಅವನಿಗೂ ಗೊತ್ತು. ಆದರೆ ಕೋಲು ಕೆಳಗಿಳಿಯುವ ಮೊದಲೇ ಇವನ ತಲೆ ಚಿಪ್ಪಿನಿಂದ ಆಮೆ ಇಣುಕಿದ ಹಾಗೆ ಮೇಲೇಳುತ್ತಿತ್ತು. ಚೆಂಡು ಕಪ್ಪೆಯಂತೆ ಕುಪ್ಪಳಿಸಿಕೊಂಡು ಎದುರಿನ ಕೊಳಕ್ಕೆ ಗುಳುಂ.

ವರ್ಷಕ್ಕೊಮ್ಮೆ, ಸದಸ್ಯರು ಬಾರದ ಒಂದು ಸೋಮವಾರ, ಕೆಲಸಗಾರರಿಗೇ ಪಂದ್ಯ. ತಲಾ ಒಂದೇ ಹೊಡೆತ. ಕೊಳ ದಾಟಿಸಿ ಆಚೆಯ ಬಾವುಟದ ಹತ್ತಿರ ಯಾರ ಚೆಂಡು ನಿಲ್ಲುತ್ತದೋ ಅವರು ಗೆದ್ದಂತೆ. ಪ್ರತಿವರ್ಷ ಗೆಲ್ಲುತ್ತಿದ್ದದ್ದು ಅಡುಗೆಮನೆಯ ಮುಖ್ಯಸ್ಥ, ಕತ್ತರಿಯ ಹೆಂಡತಿಯ ಸ್ವಂತ ಅಣ್ಣ. ಗೆದ್ದು ಸುಮ್ಮನಿದ್ದರೆ ಅವನು ಭಾವ ಹೇಗಾದಾನು?

"ಈ ವರ್ಷವೂ ಮೀನಿಗೆ ಚೆಂಡು ತಿನ್ನಿಸ್ತೀಯೇನಯ್ಯ?" ಅಂದ ಭಾವ, ಎಲ್ಲರೂ ಟೀ ಕುಡಿಯುತ್ತಿದ್ದ ಹೊತ್ತಿನಲ್ಲಿ.

"ಈ ಸಲ ನೀವು ಸೋತ್ರೆ?"

"ಮೀಸೆ ತೆಗೆಸ್ತೀನಿ."

"ನಾನು ಸೋತ್ರೆ ನಂದು!"

ಮಾತು ಜಾರಿಹೋಯಿತು. ಭಾವನದು ಪೊರಕೆಯಂಥ ದಪ್ಪ ಮೀಸೆ. ಕತ್ತರಿಯದೋ ತುದಿ ಹುರಿಮಾಡಿ ಎತ್ತಿ ನಿಲ್ಲಿಸಿದ್ದು, ಅದೇ ಅವನ ಅಂಗಡಿಯ ಬೋರ್ಡು. ಮೀಸೆ ಬೋಳಿಸಿಕೊಂಡ ಕ್ಷೌರಿಕನ ಕೈಗೆ ಯಾರು ಮೀಸೆ ಕೊಡುತ್ತಾರೆ? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಬಹುದು. ಮೀಸೆಯೇ ಇಲ್ಲದಿದ್ದರೆ ಏನನ್ನುವುದು?

"ಯಾರ ಮೀಸೆ ಹೋದ್ರೂ ನಮ್ಮನೇದೇ," ಅಂದಳು ಹೆಂಡತಿ, ಸುದ್ದಿ ಮನೆ ಮುಟ್ಟಿದಾಗ. "ಆದ್ರೂ ನಿಮ್ದು ಹೋಗೋದು ಬೇಡ ಕಣ್ರೀ. ಅದರ ಹಿಂದೆ ಮುಖ ಹೇಗಿದ್ಯೋ, ಈ ವಯಸ್ಸಲ್ಲಿ ನಾನು ಹೆದರ್ಕೋಬಾರ್ದು."

ಹಿತ್ತಲಿನ ತಂತಿಗೆ ಹಳೆಯ ಬೆಡ್‌ಶೀಟು ಕಟ್ಟಿ ಅಭ್ಯಾಸ ಶುರುವಾಯಿತು. ಒಂದು ಚೆಂಡೂ ಶೀಟಿಗೆ ತಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿ ನೋಡುತ್ತಿದ್ದಳು.

"ಅಂಗಡೀಲೂ ನೀವು ಹೀಗೇ ಮಾಡೋದು," ಅಂದಳು ಕೊನೆಗೆ. "ಒಂದು ಸಲ ಕತ್ತರಿ ಆಡಿಸ್ತೀರಿ, ಒಂದು ಸಲ ತಲೆ ಎತ್ತಿ ಕನ್ನಡಿ ನೋಡ್ತೀರಿ."

"ಮತ್ತೆ? ಎರಡು ಕಡೆ ಸಮ ಬಂದಿದ್ಯಾ ನೋಡ್ಬೇಡ್ವಾ?"

"ಗಡ್ಡ ಹೆರೆಯುವಾಗ ನೋಡ್ತೀರಾ?"

"ಹುಚ್ಚಾ ನಿಂಗೆ? ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ಕನ್ನಡಿ ನೋಡಿದ್ರೆ ಪೊಲೀಸ್ರು..."

ಅಲ್ಲಿಗೆ ಅವನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಕೋಲು ಎಸೆದು ಒಳಗೆ ಓಡಿದವನು ಬ್ರಷ್ಷು, ಸೋಪಿನ ಬಟ್ಟಲು ತಂದ. ಚೆಂಡಿಗೆ ನೊರೆ ಬಳಿದ. ಬಗ್ಗಿ ನಿಂತ, ಉಸಿರು ಹಿಡಿದ, ಬೀಸಿದ. ಚೆಂಡು ಬೆಡ್‌ಶೀಟನ್ನು ಸೀಳಿಕೊಂಡು ಹೋಗಿ ಪಕ್ಕದ ಮನೆಯವರ ಬಕೆಟ್ಟಿಗೆ ಬಡಿಯಿತು. ನೊರೆ ಕಂಡರೆ ಸಾಕು, ಅವನ ಕತ್ತು ಕಲ್ಲಾಗುತ್ತಿತ್ತು.

ಪಂದ್ಯದ ದಿನ ಭಾವ ಮೊದಲು ಹೊಡೆದ. ಚೆಂಡು ಕೊಳ ದಾಟಿ ಬಾವುಟದಿಂದ ಒಂದು ಮಂಚದುದ್ದ ದೂರದಲ್ಲಿ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಕತ್ತರಿ ಬಂದು ಜೇಬಿನಿಂದ ಬ್ರಷ್ಷು ತೆಗೆದ.

"ಏನಯ್ಯ, ಚೆಂಡಿಗೆ ಗಡ್ಡ ಬಂದಿದ್ಯಾ?" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ತೀರ್ಪುಗಾರನಾಗಿದ್ದ ಹಿರಿಯ ಮಾಲಿ ಮಾತ್ರ ನಗಲಿಲ್ಲ. "ಚೆಂಡಿಗೆ ಏನೂ ಬಳೀಬಾರ್ದು. ಒರೆಸು."

"ಸೋಪು ಅಣ್ಣ, ಬರೀ ಸೋಪು!"

"ಒರೆಸು ಅಂದೆ."

ಒರೆಸಿದ. ನೊರೆಯ ಜೊತೆ ಧೈರ್ಯವೂ ಟವಲ್ಲಿಗೆ ಬಂತು. ಬರಿ ಚೆಂಡು ಹುಲ್ಲಿನ ಮೇಲೆ ನುಣ್ಣಗೆ ಕೂತಿತ್ತು. ಕೈ ತನ್ನಷ್ಟಕ್ಕೆ ಮೀಸೆಯ ತುದಿ ಮುಟ್ಟಿ ನೋಡಿಕೊಂಡಿತು. ಹಿಂದೆ ಭಾವ ಇನ್ನೂ ಕಿಸಿಕಿಸಿ ನಗುತ್ತಿದ್ದ. ಆ ನಗು ಕೇಳುತ್ತ ಕೇಳುತ್ತ ಕತ್ತರಿಗೆ ಚೆಂಡು ಭಾವನ ಗಲ್ಲದ ಹಾಗೇ ಕಾಣತೊಡಗಿತು. ಅದೇ ಗುಂಡು, ಅದೇ ಸಣ್ಣ ಸಣ್ಣ ಗುಳಿ.

"ಬನ್ನಿ ಭಾವ, ಹೀಗೆ ಸ್ವಲ್ಪ ಒರಗಿ," ಅಂತ ಚೆಂಡಿಗೆ ಮೆಲ್ಲಗೆ ಹೇಳಿದ. "ಮನೇಲೆಲ್ಲ ಚೆನ್ನಾಗಿದಾರಾ? ಹಾಂ, ಅಲ್ಲಾಡ್ಬೇಡಿ."

ಬೀಸಿದ. ಟಕ್ ಅಂತ ಒಂದು ಸದ್ದು. ಆಮೇಲೆ ಹೋ ಎಂದು ಮುಗಿಲು ಹರಿದುಹೋಗುವಂಥ ಕೂಗು. ಅವನು ಮಾತ್ರ ಬಗ್ಗಿದಲ್ಲೇ ಹುಲ್ಲು ನೋಡುತ್ತಿದ್ದ, ಎಲ್ಲಿ ತಲೆ ಎತ್ತಿದರೆ ಆದದ್ದು ಕೆಡುತ್ತದೋ ಎಂದು. ಹೆಂಡತಿ ಓಡಿಬಂದು ಭುಜ ಹಿಡಿದು ಅಲ್ಲಾಡಿಸಿದ ಮೇಲೇ ಎದ್ದದ್ದು. ಬಾವುಟದ ಬುಡದಲ್ಲಿ ಚೆಂಡು ಬೆಕ್ಕಿನಂತೆ ಮಲಗಿತ್ತು.

"ಗೆದ್ರಿ ಕಣ್ರೀ!"

"ಹೇಗೆ ಹೋಯ್ತೇ?"

"ಹೋಯ್ತು, ಹಾಗೇ... ನಂಗೆ ಕಣ್ಣಲ್ಲಿ ನೀರು, ಸರಿಯಾಗಿ ಕಾಣ್ಲಿಲ್ಲ."

ಜನ್ಮದಲ್ಲಿ ಹೊಡೆದ ಒಂದೇ ಒಂದು ಒಳ್ಳೆಯ ಹೊಡೆತ. ಕ್ಲಬ್ಬಿಗೆ ಕ್ಲಬ್ಬೇ ನೋಡಿತು, ಹೊಡೆದವನೊಬ್ಬ ನೋಡಲಿಲ್ಲ! ಕ್ಲಬ್ಬಿನ ಕಾರು ಓಡಿಸುವ ಡ್ರೈವರನ್ನು ಕೇಳಿದರೆ "ಸೂಪರ್" ಅಂದ. ಮಾಲಿಯನ್ನು ಕೇಳಿದರೆ "ಕೊಳ ದಾಟ್ತು" ಅಂದ. ಇದರಿಂದ ಯಾರ ಹೊಟ್ಟೆ ತುಂಬುತ್ತದೆ?

ಸಂಜೆ ಭಾವ ಕುರ್ಚಿಯಲ್ಲಿ ಕೂತ, ಕೊರಳಿಗೆ ಬಿಳಿ ಬಟ್ಟೆ, ಮೂಗಿನ ಕೆಳಗೆ ನೊರೆ.

"ಭಾವ, ಚೆಂಡು ಹೇಗೆ ಹೋಯ್ತು ಹೇಳಿ."

"ಹೋಯ್ತು, ಅಷ್ಟೆ."

ಸರ್ರನೆ ಎಡಗಡೆಯ ಮೀಸೆ ಬಟ್ಟೆಯ ಮೇಲೆ ಬಿತ್ತು.

"ತಡಿ ತಡಿ, ಹೇಳ್ತೀನಿ! ಮೊದ್ಲು ನೆಲ ಸವರ್ಕೊಂಡೇ ಹೋಯ್ತಯ್ಯ. ಮುಳುಗ್ತು ಅಂದ್ಕೊಂಡೆ. ಕೊಳದ ಅಂಚಿಗೆ ಬಂದಿದ್ದೇ ತಡ, ಯಾರೋ ಕೈ ಹಿಡಿದು ಎತ್ತಿದ ಹಾಗೆ ಮೇಲೆದ್ದು ಬಿಡ್ತು. ದಡದಲ್ಲಿ ಕೂತಿದ್ದ ಕೊಕ್ಕರೆ ಕತ್ತೆತ್ತಿ ನೋಡ್ತು."

"ಕೊಕ್ಕರೆ ನೋಡ್ತಾ?" ಕತ್ತರಿಯ ಕೈ ಗಾಳಿಯಲ್ಲೇ ನಿಂತಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ನೋಡ್ತು ಅಂದ್ರೆ! ನಾನೂ ಬಾಯಿ ಬಿಟ್ಕೊಂಡು ನೋಡ್ದೆ." ಭಾವ ಕನ್ನಡಿಯಲ್ಲಿ ತನ್ನ ಅರ್ಧ ಮೀಸೆ ಕಂಡು ಬೆಚ್ಚಿದ. "ಅಯ್ಯೋ, ಇದೇನಯ್ಯ ಅವತಾರ! ಇನ್ನೊಂದನ್ನೂ ತೆಗೆದುಬಿಡಪ್ಪ."

"ತೆಗೀತೀನಿ, ಅವಸರ ಏನು?" ಕತ್ತರಿ ಸ್ಟೂಲು ಎಳೆದುಕೊಂಡು ಕೂತ. "ಕೊಕ್ಕರೆ ನೋಡ್ತು. ಆಮೇಲೆ?"